ಸಂಕ್ರಾಂತಿ ತಿಂಗಳ ಚಹಾ

ನಮ್ಮ ಸೊಲ್ಲಾಪುರದಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮಧ್ಯಾಹ್ನದ ಹೊತ್ತು ಹೆಂಗಸರು ಮನೆಯಲ್ಲಿ ಸಿಗುವುದಿಲ್ಲ. ಒಂದು ಮನೆಯ ಹಳದಿ-ಕುಂಕು ಮುಗಿಸಿ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ. ಹಣೆಗೆ ಕುಂಕುಮ, ಕೈಗೆ ಎಳ್ಳುಂಡಿ, ಮೇಲೊಂದು ಸಣ್ಣ ಉಡುಗೊರೆ. ಆ ಉಡುಗೊರೆಗೆ ನಾವು ವಾಣ ಅನ್ನುತ್ತೇವೆ. ಒಬ್ಬರು ಸ್ಟೀಲ್ ಡಬ್ಬಿ ಕೊಟ್ಟರೆ ಇನ್ನೊಬ್ಬರು ಪ್ಲಾಸ್ಟಿಕ್ ಬುಟ್ಟಿ ಕೊಡುತ್ತಾರೆ. ನಮ್ಮದು ಟವೆಲ್ ಮತ್ತು ಚಾದರದ ಹೋಲ್‌ಸೇಲ್ ಅಂಗಡಿಯಾದ್ದರಿಂದ ನಮ್ಮ ಮನೆಯ ವಾಣ ಯಾವಾಗಲೂ ಕೈ ಒರೆಸುವ ಸಣ್ಣ ಟವೆಲ್ಲೇ. ನಾನು ಮದುವೆಯಾಗಿ ಬಂದಾಗಿನಿಂದ ಅದನ್ನು ಹಂಚುತ್ತಿದ್ದವರು ನನ್ನ ಅತ್ತೆ. ಹಸಿರು ಇಳಕಲ್ ಸೀರೆ ಉಟ್ಟು, ಬಾಗಿಲಲ್ಲೇ ನಿಂತು, ಬಂದವರ ಮಕ್ಕಳ ಸಾಲೆ, ಸೊಸೆಯ ಬಾಣಂತನ ಎಲ್ಲ ವಿಚಾರಿಸಿಕೊಂಡೇ ಒಳಗೆ ಬಿಡುತ್ತಿದ್ದರು. ವಿಜಾಪುರ ರಸ್ತೆಯ ನಮ್ಮ ಹೌಸಿಂಗ್ ಸೊಸಾಯಟಿಯಲ್ಲಿ ಅವರ ಹಳದಿ-ಕುಂಕುವಿಗೆ ಬರದೆ ಉಳಿದ ಮುತ್ತೈದೆ ಇರಲಿಲ್ಲ.

ಮಾವ ತೀರಿಕೊಂಡ ಮೇಲಿನ ಮೊದಲ ಸಂಕ್ರಾಂತಿಯಲ್ಲಿ ಆ ಕೆಲಸ ನನಗೆ ಬಂತು. ಅತ್ತೆ ಬೆಳಿಗ್ಗೆಯೇ ಎಳ್ಳುಂಡಿ ಕಟ್ಟಿಕೊಟ್ಟರು, ಟವೆಲ್ ಮಡಚಿ ಜೋಡಿಸಿಕೊಟ್ಟರು. ಮೂರೂವರೆಗೆ ಮೊದಲ ಗುಂಪು ಬಾಗಿಲಿಗೆ ಬಂದಾಗ ಮಾತ್ರ ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರೂ ಹೋಗಿ ಅಂದಿರಲಿಲ್ಲ. ನಾನು ನಡುವೆ ಚಹಾ ತೆಗೆದುಕೊಂಡು ಹೋದೆ. ಮಂಚದ ತುದಿಯಲ್ಲಿ ಕುಳಿತಿದ್ದರು. ಟಿ.ವಿ. ನಡೆದಿತ್ತು, ಧ್ವನಿ ಇರಲಿಲ್ಲ.

"ಹೊರಗ ಬರ್ರಿ ಅತ್ತಿ. ಕುರ್ಚಿ ಮ್ಯಾಲ ಸುಮ್ಮ ಕೂತ್ರ ಸಾಕು."

"ನೀ ಹೋಗ. ಮಂದಿ ಬಂದಾರ, ನೀ ಇಲ್ಲಿ ನಿಂತ್ರ ಹ್ಯಾಂಗ?" ಅಂದರು. ಆಮೇಲೆ, ನಾನು ಕೇಳದೆಯೇ, "ಅದು ಈಗ ನನ್ನ ಹಬ್ಬ ಅಲ್ಲ" ಅಂದರು.

ಸಿಟ್ಟಿನಿಂದ ಹೇಳಿದ್ದಲ್ಲ. ನಮ್ಮ ಮನೆಗೆ ಬರುವ ಬಸ್ಸಿನ ನಂಬರ್ ಬದಲಾಗಿದೆ ಅನ್ನುವ ಹಾಗೆ ಹೇಳಿದರು. ಹೊರಗೆ ಬಂದು ಎಲ್ಲರಿಗೂ ಕುಂಕುಮ ಹಚ್ಚಿದೆ. ನಗುತ್ತಲೇ ಹಚ್ಚಿದೆ. ಆದರೆ ಇದು ಇನ್ನೊಂದು ವರ್ಷ ಹೀಗೆ ಆಗಬಾರದು ಅಂತ ಅವತ್ತೇ ಮನಸ್ಸಿನಲ್ಲಿ ಗಟ್ಟಿಯಾಯಿತು.

ಮುಂದಿನ ಸಂಕ್ರಾಂತಿ ಹತ್ತಿರ ಬಂದಾಗ ಗಂಡನಿಗೆ ಹೇಳಿದೆ. ಅವರು ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಟವೆಲ್ ಗಂಟುಗಳಿಗೆ ಚೀಟಿ ಬರೆಯುತ್ತಿದ್ದರು.

"ಈ ವರ್ಷ ಹಳದಿ-ಕುಂಕು ಮಾಡೂದಿಲ್ಲ ನಾ."

ಪೆನ್ನು ನಿಂತಿತು. "ಮಂದಿ ಏನಂತಾರ?"

"ಚಹಾ ಮಾಡ್ತೀನಿ. ಕೆಳಗ ಸೊಸಾಯಟಿ ಸಭಾಗೃಹದಾಗ, ನಾಲ್ಕು ಗಂಟೆಕ್ಕ. ಎಲ್ಲಾ ಹೆಣ್ಣಮಕ್ಕಳನೂ ಕರೀತೀನಿ."

"ಬರೇ ಚಹಾ?"

"ಬರೇ ಚಹಾ."

ಅವರಿಗೆ ತಾಯಿಯ ಕೋಣೆಯ ಬಾಗಿಲಿನ ವಿಷಯ ನಾನು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ ಅನಿಸುತ್ತದೆ. "ಚಹಾಕ್ಕ ಯಾರು ಏನ ಅಂತಾರ" ಅಂದು ಮತ್ತೆ ಬರೆಯಲು ಶುರು ಮಾಡಿದರು.

ಅತ್ತೆಯೇ ಒಪ್ಪಲಿಲ್ಲ. "ನನ್ನ ಸಂಬಂಧ ನೀ ಮಂದಿ ಬಾಯಾಗ ಬೀಳಬ್ಯಾಡ. ನನಗ ಇಲ್ಲಿ ಏನ ಕಮ್ಮಿ ಆಗ್ಯದ?" ಅಂತ ಒಂದೇ ಮಾತಿಗೆ ಮುಗಿಸಿದರು. ನಾನು ವಾದ ಮಾಡಲಿಲ್ಲ. ಎರಡು ದಿನ ಬಿಟ್ಟು, ಕಾಯಿಪಲ್ಲೆ ಸೋಸುವಾಗ, ಅಷ್ಟೊಂದು ಮಂದಿಗೆ ಚಹಾ ಹೇಗೆ ಕುದಿಸುವುದು ಅಂತ ಕೇಳಿದೆ. ದೊಡ್ಡ ಪಾತೇಲಿಗೆ ಹಾಲು ಸುರಿದು, ಅದರಲ್ಲೇ ಪುಡಿ ಹಾಕಿ ಇಟ್ಟರಾಯಿತಲ್ಲವೇ ಅಂದೆ.

ಅತ್ತೆ ಮೆಂತ್ಯಸೊಪ್ಪು ಕೆಳಗಿಟ್ಟರು. "ಹಾಲಾಗ ಪುಡಿ?" ಅಂದರು.

ಅವರ ಚಹಾ ಪೇಟೆಯಲ್ಲಿ ಹೆಸರಾದದ್ದು. ಪ್ರತಿ ದೀಪಾವಳಿಯ ಪಾಡವಾಕ್ಕೆ ಮಾವ ಅಂಗಡಿಯ ಪೂಜೆ ಮಾಡಿದಾಗ ಬರುವ ವ್ಯಾಪಾರಿಗಳಿಗೆಲ್ಲ ಮನೆಯಿಂದಲೇ ಚಹಾ ಹೋಗುತ್ತಿತ್ತು. ಪೂಜೆಯ ಪೇಢೆಗಿಂತ ಆ ಚಹಾಕ್ಕೇ ಬರುವವರಿದ್ದರು. ಅದನ್ನು ಕುಡಿದವರೆಲ್ಲ ಗಂಡಸರು. ಮಾಡಿದವರನ್ನು ನೋಡಿದವರು ಕಡಿಮೆ.

"ಮೊದಲ ನೀರಾಗ ಸಕ್ಕರಿ, ಜಜ್ಜಿದ ಅಲ್ಲಾ ಕುದೀಬೇಕು. ಆಮ್ಯಾಲ ಪುಡಿ. ಹಾಲು ಬ್ಯಾರೆ ಒಲಿ ಮ್ಯಾಲ ಬಿಸಿ ಇರಬೇಕು, ಕಡೀಕ ಕೂಡಸಬೇಕು. ಇಲ್ಲಂದ್ರ ಒಂದ ತಾಸಿನಾಗ ಚಹಾ ಕರ್ರಗಾಗ್ತದ." ಹೇಳುತ್ತ ಹೇಳುತ್ತ ಅವರಿಗೆ ನನ್ನ ಮೇಲೆ ನಂಬಿಕೆ ಹೋಯಿತು. "ಬಿಡು, ಪಾತೇಲಿ ನಾ ನೋಡಕೋತೀನಿ. ಆದ್ರ ನಾ ಒಳಗ ಅಡಗಿಮನ್ಯಾಗ ಇರಾಕಿ. ಹೊರಗ ಕರೀಬ್ಯಾಡ."

"ಆಯ್ತು" ಅಂದೆ. ಅಷ್ಟಾದರೂ ಆಗಲಿ.

ಅಲ್ಲಿಂದ ಮುಂದೆ ಯೋಜನೆ ನನ್ನ ಕೈಯಲ್ಲಿ ಉಳಿಯಲಿಲ್ಲ. ಕಾಗದದ ಲೋಟ ಬೇಡ, ಕಪ್ಪು-ಬಶಿಯೇ ಬೇಕು ಅಂದರು. ಬಶಿಗೆ ಸುರಿದುಕೊಂಡು ಕುಡಿಯದಿದ್ದರೆ ಅದು ಚಹಾ ಅಲ್ಲ ಅನ್ನುವುದು ಅವರ ಮತ. ಗಂಡ ಮಂಡಪದವರ ಹತ್ತಿರ ಬಾಡಿಗೆಗೆ ತಂದರು. ಅದರಲ್ಲಿ ಅಂಚು ಒಡೆದವನ್ನು ಆರಿಸಿ ಅತ್ತೆ ವಾಪಸ್ ಕಳಿಸಿದರು. ಚಹಾದ ಜೊತೆಗೆ ಬಿಸ್ಕತ್ತು ಸಾಕು ಅಂತ ನಾನಿದ್ದೆ. ಅವರು ಚುರುಮುರಿ ಸುಸಲ ಆಗಲಿ, ಖಾರಕ್ಕೆ ಭಜಿ ಆಗಲಿ, ಸಿಹಿಗೆ ಶೇಂಗಾ ಹೋಳಿಗೆ ಆಗಲಿ ಅಂದರು. ಹೋಳಿಗೆಯನ್ನು ನನ್ನ ಅವ್ವ ಅಕ್ಕಲಕೋಟದಿಂದ ತರುವುದೆಂದಾಯಿತು. ಅವ್ವನಿಗೂ ಅಪ್ಪ ಹೋಗಿ ಬಹಳ ವರ್ಷಗಳಾಗಿದ್ದವು. ಅಪ್ಪನ ಕಿರಾಣಿ ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಅಕ್ಕಲಕೋಟ ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೂ ಸಂಕ್ರಾಂತಿಯ ದಿನಗಳಲ್ಲಿ ಅವ್ವ ನಮ್ಮ ಮನೆಗೆ ಬಂದವಳಲ್ಲ. ಕರೆದಾಗೆಲ್ಲ "ಆಮ್ಯಾಲ ಬರ್ತೀನಿ ತಗೋ, ನಿಮ್ಮ ಗದ್ದಲ ಮುಗೀಲಿ" ಅನ್ನುತ್ತಿದ್ದಳು. ಈ ಸಲ ಫೋನಿನಲ್ಲಿ ವಿಷಯ ಹೇಳಿದೆ. "ಹೋಳಿಗಿ ಎಷ್ಟು ಬೇಕು?" ಅಂತಷ್ಟೇ ಕೇಳಿದಳು.

ಕರೆಯೋಲೆಯನ್ನು ಸೊಸಾಯಟಿಯ ವಾಟ್ಸಪ್ ಗುಂಪಿನಲ್ಲಿ ಮರಾಠಿಯಲ್ಲಿ ಹಾಕಿದೆ. ಮನೆಯೊಳಗೆ ಅರ್ಧಕ್ಕರ್ಧ ಮಂದಿ ಕನ್ನಡ ಆಡುವವರೇ ಇದ್ದರೂ ಕನ್ನಡ ಓದುವವರು ನಮ್ಮಲ್ಲಿ ಕಡಿಮೆ. ಸೊಸಾಯಟಿಯ ಎಲ್ಲ ಹೆಂಗಸರಿಗೂ, ಇಲ್ಲಿ ಕೆಲಸಕ್ಕೆ ಬರುವವರಿಗೂ ಚಹಾಕ್ಕೆ ಪ್ರೀತಿಯ ಆಮಂತ್ರಣ ಅಂತ ಬರೆದಿದ್ದೆ. ಸೊಸಾಯಟಿಯ ಚೇರಮನ್ನರ ಹೆಂಡತಿ ಸಂಜೆಯೇ ಮನೆಗೆ ಬಂದರು. ಮರಾಠಿಯವರು, ನನಗಿಂತ ಸ್ವಲ್ಪ ಹಿರಿಯರು, ಯಾರ ಮನೆಯಲ್ಲಿ ಕಷ್ಟವಾದರೂ ಮೊದಲು ಬಂದು ನಿಲ್ಲುವವರು.

"ಸಗಳ್ಯಾ ಮ್ಹಣಜೇ?" ಅಂತ ಕೇಳಿದರು. ಎಲ್ಲರೂ ಅಂದರೆ?

"ಸಗಳ್ಯಾ ಮ್ಹಣಜೇ ಸಗಳ್ಯಾ, ವೈನಿ" ಅಂದೆ. ಎಲ್ಲರೂ ಅಂದರೆ ಎಲ್ಲರೂ.

ಅವರು ನನ್ನ ಅತ್ತೆಯ ಕೋಣೆಯ ಕಡೆ ನೋಡಿದರು. ಅರ್ಥವಾಗಿತ್ತು. ಧ್ವನಿ ತಗ್ಗಿಸಿ, ಒಳ್ಳೆಯ ವಿಚಾರವೇ, ಆದರೆ ಇದೊಂದು ತಿಂಗಳು ಬಿಟ್ಟು ಮುಂದಿನ ತಿಂಗಳು ಮಾಡಬಹುದಿತ್ತಲ್ಲ ಅಂದರು. ಕೆಲವರಿಗೆ ಮನಸ್ಸಿಗೆ ಹಿಡಿಸುವುದಿಲ್ಲ, ಹಿರಿಯರಿರುತ್ತಾರೆ, ಶಕುನ ನೋಡುವವರಿರುತ್ತಾರೆ.

"ಬೇರೆ ತಿಂಗಳಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ ವೈನಿ. ಕರೆಯದೆ ಉಳಿದದ್ದು ಗೊತ್ತಾಗುವುದೇ ಈ ತಿಂಗಳಲ್ಲಿ" ಅಂತ ನಾನೂ ಮರಾಠಿಯಲ್ಲೇ ಹೇಳಿದೆ.

ಅವರು ಎದ್ದು ನಿಂತರು. ತಮ್ಮ ಮನೆಯ ಹಳದಿ-ಕುಂಕು ಕೂಡ ಅದೇ ದಿನ, ಮೂರು ಗಂಟೆಗೆ, ದಿನ ಮೊದಲೇ ಗೊತ್ತಾಗಿದೆ ಅಂದರು. ನೋಡೋಣ ಅಂದು ಹೋದರು. ಅವರು ಹೋದ ಮೇಲೆ ನನಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಅವರ ಮನೆಯಲ್ಲಿ ಕುಂಕುಮ ಹಚ್ಚಿಸಿಕೊಂಡವರು ನಮ್ಮಲ್ಲಿಗೆ ಇಳಿದು ಬರುತ್ತಾರೆಯೇ? ಬರದಿದ್ದರೆ, ಖಾಲಿ ಕುರ್ಚಿಗಳ ನಡುವೆ ಅತ್ತೆಯನ್ನು ನಿಲ್ಲಿಸಿದ ಹಾಗಾಗುತ್ತದೆ. ಅವರು ಕೋಣೆಯಲ್ಲೇ ಇದ್ದದ್ದಕ್ಕಿಂತ ಅದು ಕೆಟ್ಟದ್ದು.

ಆ ದಿನ ಅವ್ವ ಊಟದ ಹೊತ್ತಿಗೇ ಬಂದಳು. ಬಸ್‌ಸ್ಟ್ಯಾಂಡಿನಿಂದ ರಿಕ್ಷಾ ಮಾಡಿಕೊಂಡು, ಹೋಳಿಗೆಯ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು. ಅತ್ತೆ ಮತ್ತು ಅವ್ವ ಸಭಾಗೃಹದ ಹಿಂದಿನ ಸಣ್ಣ ಅಡುಗೆಮನೆ ಸೇರಿಕೊಂಡರು. ಒಬ್ಬರು ಅಲ್ಲಾ, ಅಂದರೆ ಹಸಿ ಶುಂಠಿ, ಜಜ್ಜುತ್ತಿದ್ದರು, ಇನ್ನೊಬ್ಬರು ಭಜಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಬೀಗತಿಯರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೆಲಸ ಮಾಡಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

ನಾಲ್ಕು ಗಂಟೆಯಾಯಿತು. ಕುರ್ಚಿಗಳನ್ನು ದುಂಡಗೆ ಹಾಕಿದ್ದೆ, ಸಾಲು ಮಾಡಿದರೆ ಹಿಂದಿನ ಸಾಲು ಅಂತ ಒಂದಾಗುತ್ತದೆ ಅಂತ. ಒಂದರಲ್ಲೂ ಜನ ಇರಲಿಲ್ಲ. ಮೇಲಿನ ಮಹಡಿಯಿಂದ ನಗು, ಬಳೆಯ ಸದ್ದು ಕೇಳಿಸುತ್ತಿತ್ತು. ಮೇಜಿನ ಮೇಲೆ ಟವೆಲ್ಲುಗಳ ಗಂಟು ಬಿಚ್ಚಿ ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತ ನಿಂತೆ.

ಮೊದಲು ಬಂದವಳು ಮೊಸರಿನ ಮಾವಶಿ. ವಳಸಂಗದವಳು. ದಿನಾ ಊರಿನಿಂದ ಬಂದು ನಮ್ಮ ರಸ್ತೆಯ ಮನೆಗಳಿಗೆ ಮೊಸರು ಹಾಕುತ್ತಾಳೆ. ನನ್ನ ಮದುವೆಗೂ ಮೊದಲಿನಿಂದ ನಮ್ಮ ಮನೆಗೆ ಅವಳದೇ ಮೊಸರು. ಗಂಡ ಸತ್ತ ಮೇಲೆ ಮನೆಯ ಎಮ್ಮೆ, ಕುರಿ, ಹೊಲ ಎಲ್ಲ ಅವಳೇ ನೋಡಿಕೊಂಡು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಖಾಲಿ ಕ್ಯಾನನ್ನು ಬಾಗಿಲ ಹೊರಗಿಟ್ಟು ಅಲ್ಲೇ ನಿಂತಳು.

"ಖರೇನ ನನಗೂ ಕರದೀರೇನ್ರಿ ವೈನಿ?"

"ಖರೇನ ಮಾವಶಿ. ಒಳಗ ಬರ್ರಿ, ಕೂಡ್ರಿ."

ಅವಳು ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿ, ಸರಿಯಾಗಿ ಬಾಗಿಲಿಗೆ ಎದುರಾದ ಒಂದನ್ನು ಆರಿಸಿ ಕುಳಿತಳು. ಬೆನ್ನು ನೆಟ್ಟಗೆ. ಅವಳು ಹಾಗೆ ಕುಳಿತದ್ದರಿಂದಲೇ ನನಗೆ ಧೈರ್ಯ ಬಂತು. ಅವಳ ಹಿಂದೆ ಸೊಸಾಯಟಿಯ ಮೆಟ್ಟಿಲು ಗುಡಿಸುವವರು ಇಬ್ಬರು ಬಂದರು. ಆಮೇಲೆ ಎರಡನೇ ಮಹಡಿಯ ತರುಣಿ ಬಂದಳು. ಬ್ಯಾಂಕಿನಲ್ಲಿ ಕೆಲಸ, ಹೋದ ದೀಪಾವಳಿಗೆ ಮುಂಚೆ ಗಂಡ ಕಾಯಿಲೆಯಲ್ಲಿ ಹೋಗಿದ್ದ. ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ ಅಂದಳು, ಯಾರೋ ಕೇಳುತ್ತಾರೆ ಅನ್ನುವ ಹಾಗೆ. ಒಂದು ಕುರ್ಚಿಯನ್ನು ಮೂಲೆಗೆ ಎಳೆದುಕೊಂಡು ಕುಳಿತು ಪರ್ಸನ್ನು ತೊಡೆಯ ಮೇಲಿಟ್ಟುಕೊಂಡಳು.

ನಾನು ಚಹಾ, ಸುಸಲ ಕೊಟ್ಟೆ. ಟವೆಲ್ ಕೊಡಲು ಹೋದಾಗ ಮೊಸರಿನ ಮಾವಶಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ವಾಣ ಐತೇನ್ರಿ ಇದು?"

"ಹೌದು ಮಾವಶಿ. ತಗೋರಿ."

"ನಿಮ್ಮ ಕೈಲೆ ತಗೋಳಂಗಿಲ್ರಿ. ನೀವು ನನಗಿಂತ ಸಣ್ಣಾಕಿ. ಈ ಮನಿ ವಾಣ ಕೊಡಾಕಿ ನಿಮ್ಮ ಅತ್ತ್ಯಾರು. ಅವರು ಎಲ್ಲೆದಾರ? ಅವರ ಕೈಲೆ ಕೊಡಸ್ರಿ."

ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿ ಚಹಾ ಸೋಸುವ ಗಾಳಣಿ ಹಾಗೇ ಇತ್ತು. "ನಾ ಒಳಗ ಇರ್ತೀನಿ ಅಂದಿದ್ನಿಲ್ಲ?" ಅಂದರು.

"ನಾ ಕರೀಲಿಲ್ಲ ಅತ್ತಿ. ಅವರು ಕರ್ಯಾಕತ್ತಾರ."

ಅವ್ವ ಉಳ್ಳಾಗಡ್ಡಿ ಹೆಚ್ಚುವುದನ್ನು ನಿಲ್ಲಿಸಿ, ಗಾಳಣಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. "ನೀವು ಹೋಗ್ರಿ ಅಕ್ಕಾರ. ಒಲಿ ಕಡೆ ನಾ ಅದೀನಿ. ಮಂದಿ ಕಾಯಾಕತ್ತಾರ" ಅಂದಳು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. ಹೆರಳು ಒಮ್ಮೆ ಮುಟ್ಟಿ ನೋಡಿಕೊಂಡರು. ಹೊರಗೆ ಬಂದು ಟವೆಲ್ ಎತ್ತಿಕೊಂಡು ಮೊಸರಿನ ಮಾವಶಿಯ ಎದುರಿಗೆ ನಿಂತರು. ಬಾಗಿಲಲ್ಲಿ ನಿಂತು ಅಷ್ಟು ವರ್ಷ ಮೊಸರು ಕೊಟ್ಟು, ಇಸಗೊಂಡು ಮಾಡಿದ ಇಬ್ಬರೂ ಎದುರಾಬದುರಾಗಿ ಹೀಗೆ ನಿಂತದ್ದು ಅದೇ ಮೊದಲು. ಮಾವಶಿ ಎದ್ದು, ಸೆರಗು ಒಡ್ಡಿ ತೆಗೆದುಕೊಂಡು, ಅತ್ತೆಯ ಕಾಲು ಮುಟ್ಟಿದಳು.

"ದೊಡ್ಡ ಮಗಳು ಹ್ಯಾಂಗ ಅದಾಳ ಈಗ? ಬಾಣಂತನ ಯಾವಾಗ?" ಅತ್ತೆ ಕೇಳಿದರು.

ಅದೇ ಹಳೆಯ ಧ್ವನಿ, ಬಾಗಿಲಲ್ಲಿ ನಿಂತು ವಿಚಾರಿಸುವ ಧ್ವನಿ. ಒಂದು ವರ್ಷದಿಂದ ನಾನು ಕೇಳಿರಲಿಲ್ಲ. ಭಜಿ ತರುತ್ತೇನೆ ಅಂತ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಆಮೇಲೆ ಮೆಟ್ಟಿಲಲ್ಲಿ ಸದ್ದಾಯಿತು. ಚೇರಮನ್ನರ ಹೆಂಡತಿ ಮುಂದೆ, ಅವರ ಹಿಂದೆ ಅವರ ಮನೆಯ ಹಳದಿ-ಕುಂಕುವಿಗೆ ಬಂದಿದ್ದವರೆಲ್ಲ. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಅಲ್ಲಿ ಕೊಟ್ಟ ಡಬ್ಬಿಗಳು. ಎಲ್ಲರೂ ಬಂದಿರಲಿಲ್ಲ. ಕೆಲವು ಹಿರಿಯರು ಮೇಲೆಯೇ ಉಳಿದರು ಅಂತ ನನಗೆ ಆಮೇಲೆ ತಿಳಿಯಿತು. ಒಂದಿಬ್ಬರು ಬಾಗಿಲವರೆಗೆ ಬಂದು ಹಾಗೇ ಹಿಂದಿರುಗಿ ಹೋದದ್ದನ್ನು ನಾನೇ ನೋಡಿದೆ. ಆದರೆ ಬಂದವರೇ ಎಷ್ಟಾದರೆಂದರೆ ಕುರ್ಚಿ ಸಾಲದೆ ಹೋಯಿತು.

ನಾನು ಕಕ್ಕಾಬಿಕ್ಕಿಯಾಗಿ ನಿಂತೆ. ಅತ್ತೆ ನಿಲ್ಲಲಿಲ್ಲ. "ಏ, ಆ ಕಡೆ ಸರದು ಕೂಡ್ರಿ. ಸಣ್ಣವರು ಚಾಪಿ ಮ್ಯಾಲ ಕೂಡ್ಲಿ. ಚಾಪಿ ಯಾರ ಮನ್ಯಾಗ ಅದ, ತರ್ರಿ" ಅಂತ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಅಪ್ಪಣೆ ಕೊಡುತ್ತ ನಡೆದರು. ಮೂಲೆಯಲ್ಲಿದ್ದ ಬ್ಯಾಂಕಿನ ಹುಡುಗಿಯ ಹತ್ತಿರ ನಿಂತು, "ನೀ ಯಾಕ ಮೂಲ್ಯಾಗ ಕುಂತಿ? ಮುಂದ ಬಾ. ಈ ತಾಟ ಹಿಡಿ, ಎಲ್ಲಾರಿಗೂ ಹೋಳಿಗಿ ಕೊಡು" ಅಂದರು. ಆ ಹುಡುಗಿ ಪರ್ಸನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದಳು. ಆ ಸಂಜೆ ಮತ್ತೆ ಕುಳಿತದ್ದನ್ನು ನಾನು ನೋಡಲಿಲ್ಲ, ಹಂಚುತ್ತಲೇ ಇದ್ದಳು.

ಚೇರಮನ್ನರ ಹೆಂಡತಿ ಟವೆಲ್ ತೆಗೆದುಕೊಳ್ಳಲು ಅತ್ತೆಯ ಎದುರು ಬಂದಾಗ ಸಭಾಗೃಹ ಸ್ವಲ್ಪ ತಣ್ಣಗಾಯಿತು. ಈ ತಿಂಗಳಲ್ಲಿ ವಿಧವೆಯ ಕೈಯಿಂದ ಮುತ್ತೈದೆ ವಾಣ ತೆಗೆದುಕೊಳ್ಳುವುದನ್ನು ಅಲ್ಲಿದ್ದವರು ಯಾರೂ ನೋಡಿರಲಿಲ್ಲ. ಅತ್ತೆಯೇ ಟವೆಲ್ ಕೆಳಗಿಟ್ಟರು. "ನಿನಗೆ ಸೊಸೆ ಕೊಡುತ್ತಾಳೆ" ಅಂತ ಮರಾಠಿಯಲ್ಲಿ ಅಂದರು. ವೈನಿಯ ಗೌರವ ಉಳಿಸಲು ಅಂದ ಮಾತು.

"ಅವಳ ಕೈಯದು ಬೇಡ ಕಾಕು" ಅಂದರು ಚೇರಮನ್ನರ ಹೆಂಡತಿ. "ಪ್ರತಿ ವರ್ಷ ನಿಮ್ಮ ಕೈಯದೇ ತಗೊಂಡಿದ್ದೇನೆ." ತಮ್ಮ ಸೆರಗಿನ ಗಂಟಿನಿಂದ ಎಳ್ಳುಂಡಿ ತೆಗೆದು ಅತ್ತೆಯ ಕೈಗಿಟ್ಟರು. ಟವೆಲ್ ತೆಗೆದುಕೊಂಡು ನಮಸ್ಕಾರ ಮಾಡಿದರು. ಅವರ ಹಿಂದೆ ಉಳಿದವರು ತಾವೇ ಸಾಲಾಗಿ ನಿಂತರು.

ನಾನು ಕಿಟ್ಲಿ ಹಿಡಿದುಕೊಂಡು ನಿಂತು ನೋಡಿದೆ. ಮಕ್ಕಳ ಪರೀಕ್ಷೆ, ಮಗಳ ಮದುವೆ, ಹೊಸ ಮನೆ, ಇಂಥವಕ್ಕೆಲ್ಲ ಹೆಮ್ಮೆಪಟ್ಟವಳು ನಾನು. ಆದರೆ ಆ ನಿಮಿಷದ ಹೆಮ್ಮೆ ಬೇರೆ. ಅದರಲ್ಲಿ ನನ್ನ ಅತ್ತೆ, ಮೊಸರಿನ ಮಾವಶಿ, ಎಳ್ಳುಂಡಿ ಕೊಟ್ಟ ವೈನಿ, ಒಳಗೆ ಒಲೆಯ ಮುಂದಿದ್ದ ನನ್ನ ಅವ್ವ, ಎಲ್ಲರ ಪಾಲೂ ಇತ್ತು. ನನ್ನ ಪಾಲು, ಕುರ್ಚಿ ದುಂಡಗೆ ಹಾಕಿದ್ದು ಮತ್ತು ಕರೆದದ್ದು. ಅಷ್ಟಕ್ಕೇ ಎದೆ ತುಂಬಿತ್ತು.

ಚಹಾ ಎರಡು ಸಲ ಮತ್ತೆ ಕುದಿಸಬೇಕಾಯಿತು. ಎರಡನೆಯದನ್ನು ಮಾಡಿದವಳು ಅವ್ವ, ಮೂರನೆಯದನ್ನು ಮೆಟ್ಟಿಲು ಗುಡಿಸುವ ಬಾಯಿ. ಯಾರೂ ರುಚಿಯಲ್ಲಿ ವ್ಯತ್ಯಾಸ ಹಿಡಿಯಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು. ಕತ್ತಲಾಗುವ ಮೊದಲು ಮಾವಶಿ ಕ್ಯಾನಿನ ಬಾಯಿಗೆ ಟವೆಲ್ ಮುಚ್ಚಿಕೊಂಡು ವಳಸಂಗದ ಗಾಡಿಗೆ ಹೊರಟಳು. ಗಂಡ ಅಂಗಡಿ ಮುಚ್ಚಿ ಬಂದಾಗ ತಾಯಿ ಬಾಡಿಗೆಯ ಬಶಿಗಳನ್ನು ಎಣಿಸುತ್ತ ಕುಳಿತಿದ್ದರು. ಏನಾಯಿತು ಅಂತ ಕೇಳಿದರು.

"ಚಹಾ ಆತು" ಅಂದರು ಅತ್ತೆ. "ಮುಂದಿನ ವರ್ಷ ಸಕ್ಕರಿ ಹೆಚ್ಚಿಗಿ ತರಸು."

ಕುಟುಕು ಮಾತುಗಳೂ ಬಂದವು, ಇಲ್ಲ ಅನ್ನುವುದಿಲ್ಲ. ಎದುರಿನ ವಿಂಗಿನ ಒಬ್ಬ ಅಜ್ಜಿ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದರು. ಅದರ ಮುಂದಿನ ವರ್ಷ ಅವರೇ ಕೋಲೂರಿಕೊಂಡು ಬಂದರು. ಈಗ ನಮ್ಮ ಸೊಸಾಯಟಿಯಲ್ಲಿ ಹಳದಿ-ಕುಂಕುವೂ ಇದೆ, ಚಹಾವೂ ಇದೆ. ಚಹಾದ ದಿನವನ್ನು ಗೊತ್ತು ಮಾಡುವವರು ಅತ್ತೆ ಮತ್ತು ಚೇರಮನ್ನರ ಹೆಂಡತಿ, ಇಬ್ಬರೂ ಕೂಡಿ, ಎರಡು ಒಂದೇ ಹೊತ್ತಿಗೆ ಬೀಳದ ಹಾಗೆ.

ಈ ವರ್ಷ ಅವ್ವ ಅಕ್ಕಲಕೋಟದಲ್ಲಿ ತನ್ನ ಓಣಿಯ ಹೆಂಗಸರನ್ನು ಚಹಾಕ್ಕೆ ಕರೆದಳು. ನನ್ನ ತಮ್ಮ ಅಂಗಡಿಯ ಮುಂದೆ ಪೆಂಡಾಲು ಹಾಕಿಸಿದ. ಕುರನೂರಿನಿಂದ ಕುರಿ ಕಾಯುವ ಮನೆತನದ ಇಬ್ಬರು ಮುದುಕಿಯರು, ಅಪ್ಪನ ಅಂಗಡಿಯ ಹಳೆಯ ಗಿರಾಕಿಗಳು, ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿಕೊಂಡೇ ಬಂದಿದ್ದರು. ನಾನು ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹಸಿರು ಇಳಕಲ್ ಸೀರೆ ಉಡುತ್ತೀರಾ ಅಂತ ಕೇಳಿದ್ದಕ್ಕೆ, ಅದು ಹಳೆಯದಾಯಿತು ಅಂತ ಹೊಸ ನೀಲಿ ಸೀರೆ ಉಟ್ಟುಕೊಂಡಿದ್ದರು. ಅವ್ವ ಬಾಗಿಲಿಗೇ ಬಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ತಾನೇ ಬಶಿಗೆ ಚಹಾ ಸುರಿದು ಕೊಟ್ಟಳು. ಓಣಿಯ ಹೆಂಗಸರೆಲ್ಲ ಸೊಲ್ಲಾಪುರದ ಬೀಗತಿ ಏನು ಅನ್ನುತ್ತಾರೋ ಅಂತ ನೋಡುತ್ತಿದ್ದರು.

ಅತ್ತೆ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು.

"ಅಲ್ಲಾ ಕಮ್ಮಿ ಆಗ್ಯದ" ಅಂದರು.

ಅವ್ವ ನಕ್ಕು, "ಹಂಗಂದ್ರ ಎದ್ದ ಬರ್ರಿ ಅಕ್ಕಾರ, ಒಳಗ ಜಜ್ಜೋಣು" ಅಂದಳು. ಇಬ್ಬರೂ ಕೂಡಿ ಅಡುಗೆಮನೆಗೆ ಹೋದರು. ನಾನು ಕುರನೂರಿನ ಮುದುಕಿಯರ ಪಕ್ಕ ಕುಳಿತು ಬಶಿಯಲ್ಲಿ ಚಹಾ ಸುರಿದುಕೊಂಡೆ.